ಗಿಡುಗದ ಲೆಕ್ಕದಲ್ಲಿ ಸೊನ್ನೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಮಳೆಯ ಲೆಕ್ಕ ಇಡುವ ಮನೆಗಳು ಇನ್ನೂ ಸಾಕಷ್ಟಿವೆ. ಅಂಗಳದ ಅಂಚಿನಲ್ಲೊಂದು ಮಳೆಮಾಪಕ, ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ದಿನವಹಿ ಮಿಲಿಮೀಟರು. ಆಗುಂಬೆಯಲ್ಲಿ ಎಷ್ಟಾಯಿತಂತೆ, ಲಿಂಗನಮಕ್ಕಿ 1,819 ಅಡಿ ಮುಟ್ಟಲು ಇನ್ನೆಷ್ಟು ಬಾಕಿಯಂತೆ ಎಂಬುದು ಆಷಾಢದಲ್ಲಿ ನಮ್ಮ ಕಡೆ ಕುಶಲ ವಿಚಾರಿಸುವ ಮಾತಿನಲ್ಲೇ ಸೇರಿಹೋಗಿದೆ. ಜುಲೈನ ದೊಡ್ಡ ಅಂಕಿಗಳನ್ನು ಯಾರು ಬೇಕಾದರೂ ಹುರುಪಿನಿಂದ ಬರೆದಾರು. ಫೆಬ್ರವರಿಯ ಸೊನ್ನೆಗಳನ್ನೂ ಬಿಡದೆ ಬರೆದವನ ಪುಸ್ತಕವನ್ನು ಮಾತ್ರ ನಂಬಬಹುದು. ಇದೇ ಶಿಸ್ತನ್ನು ಆಕಾಶಕ್ಕೂ ಹಚ್ಚಬೇಕೆಂಬುದು ನನ್ನ ವಾದ. ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ ಒಂದು ಗುಡ್ಡದ ನೆತ್ತಿಯಲ್ಲಿ ಕೂತು, ಉತ್ತರಕ್ಕೆ ಮರಳುವ ಗಿಡುಗ, ಸೆಳೆವ, ಚಾಣಗಳನ್ನು ಎಣಿಸಬೇಕು. ಒಂದೂ ಬಾರದ ದಿನ ಸೊನ್ನೆ ಬರೆಯಬೇಕು.

ಮೊದಲ ಆಕ್ಷೇಪ ಸಿದ್ಧವಾಗೇ ಇದೆ: ಇಲ್ಲಿ ಎಣಿಸಲು ಏನಿದೆ? ಜಾರ್ಜಿಯಾ ದೇಶದ ಬಟೂಮಿಯಲ್ಲಿ ಒಂದು ಮಗ್ಗುಲಿಗೆ ಕಪ್ಪು ಸಮುದ್ರ, ಇನ್ನೊಂದಕ್ಕೆ ಕಾಕಸಸ್ ಪರ್ವತ. ನಡುವಿನ ಇಕ್ಕಟ್ಟಿನಲ್ಲೇ ತೂರಿ ಹೋಗಬೇಕಾದ್ದರಿಂದ ಶರತ್ಕಾಲದಲ್ಲಿ ಹತ್ತು ಲಕ್ಷದಷ್ಟು ಬೇಟೆಹಕ್ಕಿಗಳು ಅಲ್ಲಿ ಲೆಕ್ಕಕ್ಕೆ ಸಿಗುತ್ತವೆ. ನಮ್ಮಲ್ಲಿ ಅಂಥ ಇಕ್ಕಟ್ಟಿಲ್ಲ. ಘಟ್ಟದ ಮೇಲೆ ಹೋಗಲಿ, ಬಯಲುಸೀಮೆಯ ಮೇಲೆ ಹೋಗಲಿ, ಕೇಳುವವರಿಲ್ಲ. ಕೊಡಚಾದ್ರಿಯ ಪಕ್ಕದಲ್ಲೇ ಹಾಯಬೇಕೆಂಬ ದರ್ದು ಯಾವ ಹಕ್ಕಿಗೂ ಇಲ್ಲ. ಚಳಿಗಾಲ ದಾಟಿ ಬದುಕಿದವು ಮಾತ್ರ ಮರಳುವುದರಿಂದ ವಸಂತದ ಸಂಖ್ಯೆ ಇನ್ನೂ ತೆಳು. ಇಷ್ಟೂ ನಿಜವೇ. ಆದರೆ ಎಣಿಕೆಯ ಬೆಲೆ ರಾಶಿಯಿಂದ ಬರುವುದಿಲ್ಲ ಎಂಬುದಕ್ಕೆ ಅಮೆರಿಕದ ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್ ಸಾಕ್ಷಿ. ಆ ಬೆಟ್ಟಸಾಲಿನಲ್ಲಿ ಬಂದೂಕು ಹಿಡಿದು ಕೂತು, ಹಾದು ಹೋಗುವ ಗಿಡುಗಗಳನ್ನು ಉರುಳಿಸುವುದು ಒಂದು ಕಾಲಕ್ಕೆ ರಜಾದಿನದ ಮೋಜಾಗಿತ್ತು. ಗೋಸ್‌ಹಾಕ್ ಎಂಬ ಜಾತಿಯದನ್ನು ಕೊಂದವರಿಗೆ ಸರ್ಕಾರವೇ ತಲೆಗೆ 5 ಡಾಲರ್ ಇನಾಮು ಕೊಡುತ್ತಿತ್ತು. 1934ರಲ್ಲಿ ರೋಸಲಿ ಎಡ್ಜ್ ಎಂಬ ಗಟ್ಟಿಗಿತ್ತಿ ಆ ಬೆಟ್ಟವನ್ನೇ ಗೇಣಿಗೆ ಹಿಡಿದಳು. (ಗೇಣಿದಾರರ ಸತ್ಯಾಗ್ರಹ ನಡೆದ ಕಾಗೋಡಿನ ಸೀಮೆಯವರಾದ ನಮ್ಮ ಬಾಯಲ್ಲಿ ಗೇಣಿಯ ಬಗ್ಗೆ ಒಳ್ಳೆಯ ಮಾತು ಹೊರಡುವುದು ಕಷ್ಟ, ಇದೊಂದು ಗೇಣಿಗೆ ರಿಯಾಯಿತಿ ಕೊಡೋಣ.) ಕಾವಲಿಗೆ ಬಂದ ಮಾರಿಸ್ ಬ್ರೌನ್ ಬಂದೂಕಿನವರನ್ನು ಹಿಂದಕ್ಕೆ ಕಳಿಸಿದ ಮೇಲೆ ಹಕ್ಕಿ ಎಣಿಸಲು ಕೂತ. ಅಲ್ಲಿನ ಬಿಳಿತಲೆಯ ಹದ್ದು ಸಾವಿರಗಟ್ಟಲೆ ಬರುವಂಥದಲ್ಲ. ಆದರೆ ಮರಿಹದ್ದಿನ ತಲೆ ಕಂದು, ಬಲಿತದ್ದರದು ಬಿಳಿ. ಹಾಗಾಗಿ ವಯಸ್ಸನ್ನೂ ಬರೆಯಲು ಬಂತು. 1935ರಿಂದ 1939ರವರೆಗೆ ಕಂಡ ಹದ್ದುಗಳಲ್ಲಿ ನೂರಕ್ಕೆ 40 ಎಳೆಯವು. 1955ರಿಂದ 1959ರ ಹೊತ್ತಿಗೆ ನೂರಕ್ಕೆ 20. ಬಲಿತವು ಹಾರುತ್ತಲೇ ಇದ್ದವು, ಮರಿಗಳು ಕಡಿಮೆಯಾಗುತ್ತಿದ್ದವು. 1962ರಲ್ಲಿ ರೇಚಲ್ ಕಾರ್ಸನ್ ‘ಸೈಲೆಂಟ್ ಸ್ಪ್ರಿಂಗ್’ ಬರೆದಾಗ ಡಿಡಿಟಿ ಎಂಬ ಕೀಟನಾಶಕದ ವಿರುದ್ಧ ಹೂಡಿದ ಸಾಕ್ಷ್ಯದಲ್ಲಿ ಈ ಕಾವಲುಗಾರನ ಅಂಕಿಗಳೂ ಇದ್ದವು. ಎಣಿಸಲು ಶುರುಮಾಡಿದಾಗ ಡಿಡಿಟಿ ಹೊಲಕ್ಕೇ ಬಂದಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಯಾವ ಪ್ರಶ್ನೆಗೆ ಉತ್ತರವಾಗುತ್ತದೆಂದು ಗೊತ್ತಿಲ್ಲದೆಯೇ ಬರೆದಿಟ್ಟ ಲೆಕ್ಕ ಅದು.

ನಮ್ಮ ದೇಶದಲ್ಲೇ ಇನ್ನೂ ಕಹಿಯಾದ ಉದಾಹರಣೆ ಇದೆ. ರಣಹದ್ದುಗಳು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸತ್ತುಹೋದವು. ಅದು ಬರೀ ಗುಮಾನಿಯಲ್ಲ, ನಿಜವಾದ ಕುಸಿತ ಎಂದು ತೋರಿಸಿದ್ದು ಭರತಪುರದಲ್ಲಿ ವಿಭು ಪ್ರಕಾಶ್ ಅವರು ಎಂಬತ್ತರ ದಶಕದಲ್ಲಿ ಎಣಿಸಿ, ತೊಂಬತ್ತರ ದಶಕದ ಕೊನೆಗೆ ಅಲ್ಲೇ ಮತ್ತೆ ಎಣಿಸಿದ ಲೆಕ್ಕ. ದನಗಳಿಗೆ ಕೊಡುವ ಡೈಕ್ಲೊಫೆನಾಕ್ ನೋವಿನ ಔಷಧಿಯೇ ಕಾರಣವೆಂದು 2004ರಲ್ಲಿ ಪ್ರಕಟವಾಯಿತು, 2006ರಲ್ಲಿ ಅದಕ್ಕೆ ನಿಷೇಧ ಬಂತು. ರಾಮನಗರದ ರಾಮದೇವರ ಬೆಟ್ಟ ರಣಹದ್ದುಧಾಮವಾದದ್ದು 2012ರಲ್ಲಿ. ಅಷ್ಟರಲ್ಲಿ ಅಲ್ಲಿದ್ದವನ್ನು ಎಣಿಸಿ ಮುಗಿಸಲು ಹೆಚ್ಚು ಹೊತ್ತು ಬೇಕಿರಲಿಲ್ಲ. ನಮ್ಮಲ್ಲಿ ಹಳೆಯ ದಾಖಲೆ ಇಲ್ಲವೆಂದಲ್ಲ: ಸಲೀಂ ಅಲಿ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಯಾವ ಹಕ್ಕಿ ಎಲ್ಲಿದೆ ಎಂಬುದಕ್ಕೆ ಅದು ಇವತ್ತಿಗೂ ಆಧಾರ. ಒಂದು ಗುಡ್ಡದ ಮೇಲೆ ಗಂಟೆಗೆಷ್ಟು ಹಾಯುತ್ತವೆ ಎಂಬುದು ಬೇರೆಯದೇ ಪ್ರಶ್ನೆ, ಅದಕ್ಕೆ ಬೇರೆಯದೇ ಪುಸ್ತಕ ಬೇಕು.

ಈಗ ಎಲ್ಲರ ಕೈಯಲ್ಲೂ ಫೋನಿದೆ, ಇಬರ್ಡ್ ಜಾಲತಾಣಕ್ಕೆ ಕಂಡ ಹಕ್ಕಿಗಳ ಪಟ್ಟಿ ಹಾಕುವವರಿದ್ದಾರೆ, ಉಪಗ್ರಹ ಸಾಧನ ಹೊತ್ತ ಹಕ್ಕಿಗಳೂ ಹಾರುತ್ತಿವೆ. ಗುಡ್ಡದ ಮೇಲೆ ಬೇಯುವುದು ಯಾಕೆ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಸುಮಾರು 30,000 ಹವ್ಯಾಸಿಗಳ ಮೂರು ಕೋಟಿ ದಾಖಲೆಗಳ ಮೇಲೆ ನಿಂತಿದೆ, ಅದೇನು ಸಣ್ಣ ಕೆಲಸವಲ್ಲ. ಆದರೂ ಅದರಲ್ಲಿ ಪರಿಶೀಲಿಸಿದ 942 ಜಾತಿಗಳ ಪೈಕಿ ದೀರ್ಘಾವಧಿಯ ಏರಿಳಿತ ಹೇಳಲು ಸಾಧ್ಯವಾದದ್ದು 338ಕ್ಕೆ ಮಾತ್ರ. ಹವ್ಯಾಸಿ ಹೋಗುವುದು ಹಕ್ಕಿ ಸಿಗುವ ಕಡೆಗೆ, ಸಿಗುವ ತಿಂಗಳಲ್ಲಿ. ಡಿಸೆಂಬರಿನಲ್ಲಿ ಗುಂಪುಗುಂಪಾಗಿ ಬರುವವರು ಏಪ್ರಿಲ್‌ನ ಸೆಕೆಯಲ್ಲಿ ಬರುವುದಿಲ್ಲ, ಅವರನ್ನು ದೂರಿ ಫಲವೂ ಇಲ್ಲ. ಉಪಗ್ರಹದ ಮಾತು ಇನ್ನೊಂದು ಬಗೆ. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ 2012ರಲ್ಲಿ ಅಮೂರ್ ಚಾಣಗಳ ಮಾರಣಹೋಮ ಬಯಲಾಗಿ, ಮರುವರ್ಷವೇ ಊರವರು ಅದನ್ನು ನಿಲ್ಲಿಸಿದ ಮೇಲೆ, ಕೆಲವು ಚಾಣಗಳ ಬೆನ್ನಿಗೆ ಸಾಧನ ಕಟ್ಟಿದರು. ಇಷ್ಟು ಸಣ್ಣ ಹಕ್ಕಿ ಎಲ್ಲೂ ಇಳಿಯದೆ ಅರಬ್ಬೀ ಸಮುದ್ರ ದಾಟಿ ಆಫ್ರಿಕ ಸೇರುವುದು, ವಸಂತದಲ್ಲಿ ಸೊಮಾಲಿಯದ ಕಡೆಯಿಂದ ಮತ್ತೆ ಕಡಲು ಹಾಯ್ದು ಭಾರತಕ್ಕೆ ಬರುವುದು ನಕ್ಷೆಯ ಮೇಲೆ ಕಂಡದ್ದು ಹಾಗೆ. ಸಾಧನ ಹೊತ್ತ ಹಕ್ಕಿ ತನ್ನ ದಾರಿಯನ್ನು ಕರಾರುವಾಕ್ಕಾಗಿ ಹೇಳುತ್ತದೆ. ಅದರ ಜೊತೆಗೆ ಈ ಸಲ ಎಷ್ಟು ಬಂದವು, ಕಳೆದ ಸಲಕ್ಕಿಂತ ಕಡಿಮೆಯೋ ಹೆಚ್ಚೋ ಎಂಬುದನ್ನು ನೆಲದ ಮೇಲೆ ಕೂತವನೇ ಹೇಳಬೇಕು.

ತಿಳಿದವರ ಆಕ್ಷೇಪ ಇದಕ್ಕಿಂತ ಬಿಗಿ: ಮಲೆನಾಡಿನಲ್ಲಿ ವರ್ಷವಿಡೀ ಇರುವ ಗಿಡುಗಗಳೇ ಇಷ್ಟಿರುವಾಗ ಪ್ರಯಾಣಿಕ ಯಾರು, ಮನೆಯವನು ಯಾರು? ಹಾವುಗಿಡುಗ ಬೇಸಿಗೆಯಲ್ಲಿ ಕೂಗುತ್ತ ಕಾನಿನ ಮೇಲೆಯೇ ಸುತ್ತುತ್ತದೆ. ಕರಿಹದ್ದು ರೆಕ್ಕೆತುದಿಯ ಗರಿಗಳನ್ನು ಬೆರಳಿನಂತೆ ಬಿಡಿಸಿಕೊಂಡು, ಹಳದಿ ಕಾಲು ಮಡಿಚಿ, ಮರಗಳ ನೆತ್ತಿಗೆ ತಾಗೀತೋ ಎಂಬಷ್ಟು ತಗ್ಗಿನಲ್ಲಿ ಗೂಡು ಹುಡುಕುತ್ತ ತೇಲುತ್ತದೆ. ಇವಕ್ಕೆ ಬೇರೆ ಕಾಲಂ. ದಕ್ಷಿಣದಿಂದ ಬಂದು, ಎದುರಿನ ಒಂದು ಗೊತ್ತಾದ ಗೆರೆ ದಾಟಿ, ಹಿಂದಿರುಗದೆ ಉತ್ತರಕ್ಕೆ ಹೋದದ್ದು ಮಾತ್ರ ಪ್ರಯಾಣಿಕ. ಜೇನುಗಿಡುಗದಲ್ಲಿ ಇಲ್ಲಿಯವೂ ಇವೆ, ಬಂದುಹೋಗುವವೂ ಇವೆ. ಸಣ್ಣ ತಲೆ, ಉದ್ದ ಕುತ್ತಿಗೆ, ತೇಲುವಾಗ ಮಟ್ಟಸವಾದ ರೆಕ್ಕೆ ನೋಡಿ ಜಾತಿ ಹೇಳಬಹುದು, ಊರು ಹೇಳಲು ಈ ಗೆರೆಯೇ ಗತಿ. ಸೆಳೆವ ರೆಕ್ಕೆಯನ್ನು ತುಸು ಮೇಲೆತ್ತಿ ಹಿಡಿಯುತ್ತದೆ. ಬೂಟೆಡ್ ಈಗಲ್ ಎದುರಾಗಿ ಬಂದರೆ ರೆಕ್ಕೆಯ ಬುಡದಲ್ಲಿ, ಕುತ್ತಿಗೆಯ ಎರಡು ಪಕ್ಕಕ್ಕೂ ಒಂದೊಂದು ಬಿಳಿ ಚುಕ್ಕೆ ಹೊಳೆಯುತ್ತದೆ. ಇಷ್ಟಾದರೂ ಹಲವು ಹಕ್ಕಿಗಳು ಗುರುತು ಕೊಡದೆ ಹೋಗುತ್ತವೆ, ಅವನ್ನು ‘ಗುರುತಾಗಲಿಲ್ಲ’ ಎಂದೇ ಬರೆಯಬೇಕು. ಬೆಳಿಗ್ಗೆ ಬಂಡೆ, ಹುಲ್ಲಿನ ಬ್ಯಾಣ ಕಾದು ಗಾಳಿ ಮೇಲೇಳತೊಡಗಿದ ಮೇಲೆಯೇ ಇವು ಸುತ್ತುಹಾಕಿ ಎತ್ತರಕ್ಕೇರುವುದು. ಮಧ್ಯಾಹ್ನ ಕಡಲಗಾಳಿ ಘಟ್ಟಕ್ಕೆ ಬಡಿದು ಮೋಡ ಕವಿದರೆ ಲೆಕ್ಕ ಮುಗಿದಂತೆ. ಮಬ್ಬಿನಲ್ಲಿ ಏನೂ ಕಾಣದ ದಿನಕ್ಕೆ ಸೊನ್ನೆ ಹಾಕುವಂತಿಲ್ಲ. ಹಕ್ಕಿ ಬಾರದಿದ್ದದ್ದು ಒಂದು, ನಮಗೆ ಕಾಣದಿದ್ದದ್ದು ಇನ್ನೊಂದು; ಎರಡನ್ನೂ ಬೆರೆಸಿದ ಪುಸ್ತಕ ಒಲೆಗೆ ಸರಿ.

ಗುಡ್ಡ ಯಾವುದು? 1,343 ಮೀಟರ್ ಎತ್ತರದ ಕೊಡಚಾದ್ರಿಗೇ ಎಲ್ಲರ ಓಟು ಬೀಳುತ್ತದೆ. ಪಡುವಣ ಮೈ ಕೊಲ್ಲೂರಿನ ಕಡೆಗೆ ಕಡಿದಾಗಿ ಇಳಿಯುವುದರಿಂದ ಗಾಳಿ ಏರುವ ಜಾಗವೂ ಅದೇ. ಕೊಲ್ಲೂರಿನಿಂದ ಅಲ್ಲಿಗೆ ರೋಪ್‌ವೇ ಎಳೆಯುವ ಪ್ರಸ್ತಾವ ಇರುವಾಗ, ತಂತಿ ಬರುವ ಮೊದಲಿನ ಅಂಕಿ ಬೇಕೆನ್ನುವುದೂ ನ್ಯಾಯವೇ. ಆದರೂ ನನ್ನ ಓಟು ತೀರ್ಥಹಳ್ಳಿಯ ಕುಂದಾದ್ರಿಗೆ. ಅಲ್ಲಿ ನೆತ್ತಿಯ ಬಸದಿಯವರೆಗೆ ರಸ್ತೆ ಇದೆ, ಕೂರಲು ಬಂಡೆ ಇದೆ. ಕೊಡಚಾದ್ರಿಗೆ ಹುಮ್ಮಸ್ಸಿನಿಂದ ಎರಡು ದಿನ ಹತ್ತಬಹುದು. ಎರಡು ತಿಂಗಳು ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ಬರಬೇಕಾದರೆ ಬೈಕು ಹೋಗುವ ಗುಡ್ಡವೇ ಆಗಬೇಕು. ಒಂದೇ ತೊಡಕೆಂದರೆ ಭಾನುವಾರದ ಪ್ರವಾಸಿಗರು. “ಏನ್ ನೋಡ್ತಿದೀರಿ ಸಾರ್?” ಎಂದು ಕೇಳದೆ ಬಿಡುವುದಿಲ್ಲ. ಕೇಳಿದವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳುವುದು ಒಳ್ಳೆಯದು. ಆದರೆ ಕಣ್ಣು ಹೆಚ್ಚಾದರೆ ಹಕ್ಕಿಯೂ ಹೆಚ್ಚು ಸಿಗುವುದರಿಂದ, ಆ ದಿನ ಎಷ್ಟು ಜನ ನೋಡುತ್ತಿದ್ದರು ಎಂಬುದಕ್ಕೂ ಪುಸ್ತಕದಲ್ಲಿ ಒಂದು ಕಾಲಂ ಎಳೆಯಬೇಕಾಗುತ್ತದೆ.