ತೇಲುಬಳೆಯ ನದೀವಿಹಾರ

ಸಂಸ್ಕೃತದಲ್ಲಿ ಸಣ್ಣ ತೆಪ್ಪಕ್ಕೆ ಉಡುಪವೆಂದೂ ಪ್ಲವವೆಂದೂ ಹೆಸರುಗಳುಂಟು. ಉಡುಪದಿಂದ ಸಾಗರವನ್ನು ದಾಟಬಯಸಿದವನಂತೆ ತಾನಿರುವೆನೆಂದು ಕಾಳಿದಾಸನು ರಘುವಂಶದ ಮೊದಲಲ್ಲಿ ವಿನಯದಿಂದ ಹೇಳಿಕೊಂಡಿರುವನು. ಈಗಿನವರ ಉಡುಪವು ಗಾಳಿ ತುಂಬಿದ ರಬ್ಬರಿನ ಬಳೆ. ಇದರಲ್ಲಿ ಕುಳಿತು ಹೊಳೆಯ ಸೆಳವಿನೊಡನೆ ತೇಲಿಹೋಗುವುದಕ್ಕೆ ಟ್ಯೂಬಿಂಗ್ ಎನ್ನುವರು. ಹುಟ್ಟು ಹಾಕುವ ವಿದ್ಯೆ ಬೇಡವಾದುದರಿಂದ ಹೊಸಬರಿಗೂ ಇದು ಸುಲಭವಾದ ವಿಹಾರ.

ಉತ್ತರ ಕನ್ನಡ ಜಿಲ್ಲೆಯ ಗಣೇಶಗುಡಿಯ ಬಳಿ, ಕಾಳೀನದಿಯಲ್ಲಿ, ನಾವು ಇದನ್ನು ಅನುಭವಿಸಿದೆವು. ಭೂಸನೂರಿನ ಕರಿನೆಲದವರಾದ ನಮಗೆ, ಬೇಸಗೆಯಲ್ಲಿ ಅಮರ್ಜೆಯು ಸೊರಗುವುದನ್ನು ಕಂಡ ಕಣ್ಣಿಗೆ, ಕಾಡಿನ ನೆರಳು ಬಿದ್ದ ಆ ಹಸುರು ನೀರು ಹಬ್ಬವೇ ಆಯಿತು. ಮೇಲ್ಗಡೆ 101 ಮೀಟರು ಎತ್ತರದ ಸೂಪಾ ಅಣೆಕಟ್ಟಿರುವುದು. ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಹೊಳೆ ಏರುವುದು, ನಿಲ್ಲಿಸಿದಾಗ ಇಳಿಯುವುದು. ಆದುದರಿಂದ ಆ ವೇಳೆಯನ್ನರಿತ ಸ್ಥಳೀಯ ಮಾರ್ಗದರ್ಶಕನಿಲ್ಲದೆ ಯಾರೂ ಇಳಿಯತಕ್ಕುದಲ್ಲ.

ತೇಲುವ ಅಂಗಿಯನ್ನು ಬಿಗಿಯಾಗಿ ಕಟ್ಟಿಕೊಂಡು, ಪಾದಗಳನ್ನು ಮುಂದಕ್ಕೆ ಚಾಚಿ ಕುಳ್ಳಿರಬೇಕು. ಬಂಡೆಗಳ ಮೇಲೆ ನೀರು ತೆಳುವಾದಲ್ಲಿ ಸೊಂಟವನ್ನು ಮೇಲೆತ್ತಬೇಕು. ಬಳೆಯಿಂದ ಜಾರಿಬಿದ್ದರೆ ಸೆಳವಿನಲ್ಲಿ ಎದ್ದು ನಿಲ್ಲುವ ಯತ್ನ ಸಲ್ಲದು. ಕಲ್ಲುಗಳ ಸಂದಿನಲ್ಲಿ ಕಾಲು ಸಿಕ್ಕಿಕೊಂಡರೆ ಪ್ರವಾಹವು ಮೈಯನ್ನು ಮುಂದಕ್ಕೆ ಕೆಡಹಿ ಮುಳುಗಿಸುವುದು. ಅಂಗಾತ ಮಲಗಿ, ಕಾಲ್ಬೆರಳುಗಳನ್ನು ನೀರಿನ ಮೇಲಿಟ್ಟು, ಮೆಲ್ಲಗೆ ದಡ ಸೇರಬೇಕು. ಬಿದ್ದ ಮರದ ಕೊಂಬೆಗಳಿಂದ ದೂರವಿರಬೇಕು. ಅವುಗಳ ನಡುವೆ ನೀರು ನುಸುಳುವುದು, ಮನುಷ್ಯನು ನುಸುಳಲಾರನು.

ನಮ್ಮ ಸೀಮೆಯ ಹುಡುಗರು ಟ್ರ್ಯಾಕ್ಟರಿನ ಹಳೆಯ ಟ್ಯೂಬಿನೊಡನೆ ಹೊಳೆಗೆ ಧುಮುಕುವುದನ್ನು ಕಂಡಾಗ ಇದೆಲ್ಲವೂ ನೆನಪಾಗುವುದು. ಅಮರ್ಜೆಯು ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುವಳು. ಆ ಭೀಮೆಗೆ ಮಹಾರಾಷ್ಟ್ರದ ಉಜನಿಯಂತಹ ಕಟ್ಟೆಗಳಿಂದಲೂ ನೀರು ಬರುವುದು. ಇಲ್ಲಿ ಮುಗಿಲು ತಿಳಿಯಾಗಿದ್ದರೂ ಮೇಲಿನ ಮಳೆಯಿಂದ ಹೊಳೆ ಉಕ್ಕಬಹುದು. 2020ರ ಅಕ್ಟೋಬರಿನ ಮಹಾಪೂರವನ್ನು ದಂಡೆಯ ಊರುಗಳು ಮರೆತಿಲ್ಲ. ಬ್ಯಾರೇಜಿನ ಬಾಗಿಲುಗಳ ಕೆಳಗೆ ನೀರು ಮಗುಚಿ ತಿರುಗುವುದರಿಂದ ಅಲ್ಲಿ ಈಜುಗಾರನೂ ನಿಸ್ಸಹಾಯನು.

ಗೃಹಸ್ಥರು ಮಕ್ಕಳ ಜಲಕ್ರೀಡೆಯನ್ನು ನಿಷೇಧಿಸಬೇಕೆಂದು ನಮ್ಮ ಅಭಿಪ್ರಾಯವಲ್ಲ. ಮೊದಲು ಹಿರಿಯರ ಕಣ್ಣೆದುರು ನಿಂತ ನೀರಿನಲ್ಲಿ ಈಜು ಕಲಿಸಲಿ. ಬಳಿಕ, ಮಳೆಗಾಲ ಕಳೆದ ಮೇಲೆ, ಕಾಳಿಯ ತೀರಕ್ಕೊಮ್ಮೆ ಕುಟುಂಬಸಮೇತ ಹೋಗಿಬರಲಿ. ನೀರು ಎಲ್ಲಿಂದ ಬರುವುದು, ಎಷ್ಟು ಬರುವುದು, ಎಲ್ಲಿ ದಡ ಹತ್ತಬಹುದು ಎಂಬ ಮೂರನ್ನೂ ಇಳಿಯುವ ಮೊದಲೇ ಕೇಳುವುದನ್ನು ಮಕ್ಕಳು ಅಲ್ಲಿ ಕಲಿತರೆ, ಊರಿನ ಹೊಳೆಯಲ್ಲಿಯೂ ಅದು ಅವರನ್ನು ಕಾಯುವುದು.