ಹಾಲ್‌ಗೆ ಬಂದ ಕೌದಿ

ನಮ್ಮ ಕಡೆಯ ಮುಸ್ಲಿಮ್ ಮನೆಗಳಲ್ಲಿ ಅಲಂಕಾರವೆಂಬುದು ಈದ್‌ಗೋ ಮದುವೆಗೋ ಸಂಬಂಧಪಟ್ಟ ಮಾತು. ರಮಝಾನ್ ಹತ್ತಿರ ಬಂದಾಗ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಗೋಡೆಗೆ ಬಳಿಯುವುದು, ಪರದೆಗಳನ್ನು ಒಗೆದು ಹಾಕುವುದು, ತಾಮ್ರ-ಹಿತ್ತಾಳೆಯ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ಗೂಡುಗಳಲ್ಲಿ ಸಾಲಾಗಿ ಇಡುವುದು. ಇಷ್ಟಾದರೆ ಮನೆ ಸಿಂಗಾರಗೊಂಡಂತೆ. ಮನೆಗೊಂದು ಶೈಲಿ ಇರಬೇಕು ಎಂಬ ಮಾತನ್ನು ನಮ್ಮ ಹಿರಿಯರು ಕೇಳಿರಲಿಲ್ಲ. ಹಾಗೆಂದು ಅವರ ಮನೆಗಳಿಗೆ ಶೈಲಿ ಇರಲಿಲ್ಲವೆನ್ನಲು ಬರುವುದಿಲ್ಲ. ಪಡಸಾಲೆಯಲ್ಲೊಂದು ತಖ್ತ್, ಅದರ ಮೇಲೆ ಜಮಖಾನ, ಗೋಡೆಗೂಡಿನಲ್ಲಿ ರಿಹಲ್, ಮೂಲೆಯಲ್ಲಿ ಸುರಾಹಿ, ಅಜ್ಜಿಯ ಕೈಗೆಟಕುವಷ್ಟು ದೂರದಲ್ಲಿ ಪಾನ್‌ದಾನ್. ಪ್ರತಿಯೊಂದಕ್ಕೂ ಅದರದೇ ಜಾಗ, ಅದರದೇ ಕೆಲಸ. ನೋಡಲೆಂದೇ ಇಟ್ಟ ವಸ್ತು ಮನೆಯಲ್ಲಿ ಒಂದೂ ಇರಲಿಲ್ಲ. ಆದರೂ ನೋಡಿದರೆ ಕಣ್ಣು ತಣಿಯುತ್ತಿತ್ತು.

ಈಗ ಈ ವಸ್ತುಗಳಿಗೆಲ್ಲ 'ವಿಂಟೇಜ್' ಎಂಬ ಹೊಸ ಹೆಸರು ಬಂದಿದೆ. ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟ್, ಕೊಚ್ಚಿಯ ಮಟ್ಟಾಂಚೇರಿ, ಚೆಟ್ಟಿನಾಡಿನ ಕಾರೈಕುಡಿ ಇವೆಲ್ಲ ಹಳೆಯ ಸಾಮಾನಿಗೆ ಮೊದಲಿನಿಂದಲೂ ಹೆಸರಾದ ಪೇಟೆಗಳು. ಕೂಡುಕುಟುಂಬಗಳು ಒಡೆದಾಗ, ದೊಡ್ಡ ಮನೆಗಳು ನೆಲಕ್ಕುರುಳಿದಾಗ ಅಲ್ಲಿಯ ಅಂಗಡಿಗಳು ತುಂಬುತ್ತವೆ. ಒಂದು ಮನೆಯ ಸಂಕಟ ಇನ್ನೊಂದು ಮನೆಯ ಶೋಭೆಯಾಗುವುದು ಹೀಗೆ. ಇದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಗುಜರಿಯವನ ಕುಲುಮೆಯಲ್ಲಿ ಕರಗುವ ಬದಲು ಒಂದು ಹಂಡೆ ಯಾರದೋ ಹಜಾರದಲ್ಲಿ ಉಳಿದರೆ ಒಳ್ಳೆಯದೇ. ಆದರೆ ನಾವು ಗಮನಿಸಿದ್ದು ಬೇರೊಂದು ಸಂಗತಿ. ಹಳೆಯದನ್ನು ಕೊಳ್ಳುವವರಿಗೆ ಅದು ಶೈಲಿ. ಅದರ ಜೊತೆಯಲ್ಲೇ ಬಾಳಿದವರಿಗೆ ಅದು ಎಷ್ಟೋ ಸಲ ಮರೆಯಬೇಕಾದ ಬಡತನ.

2017ರಲ್ಲಿ ನಮ್ಮ ಹಳ್ಳಿಯ ಮನೆಯನ್ನು ಕೆಡವಲಾಯಿತು. ಅಬ್ಬಾ ತೀರಿಕೊಂಡ ಮೇಲೆ ಜಾಗ ನಾಲ್ಕು ಪಾಲಾಯಿತು. ತೊಲೆ, ಬಾಗಿಲು, ಮಂಗಳೂರು ಹಂಚು ಎಲ್ಲವೂ ಲೆಕ್ಕಕ್ಕೆ ಬಂದವು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಶುರು ಮಾಡಿದ ಈ ಹಂಚು ಬಯಲುಸೀಮೆಯ ಹಳ್ಳಿಗಳವರೆಗೂ ಬಂದಿತ್ತು. ಪಾತ್ರೆಗಳನ್ನು ಗುಜರಿಯವನು ಅಂಗಳದಲ್ಲೇ ತಕ್ಕಡಿ ತೂಗುಹಾಕಿ ತೂಗಿದ. ಅವನಿಗೆ ದೇಗ್ ಎಂದರೆ ಇಷ್ಟು ಕಿಲೋ ತಾಮ್ರ, ಪಾನ್‌ದಾನ್ ಎಂದರೆ ಇಷ್ಟು ಕಿಲೋ ಹಿತ್ತಾಳೆ. ಅವನನ್ನು ದೂರಿ ಪ್ರಯೋಜನವಿಲ್ಲ, ಹಂಚಿಕೊಳ್ಳುವಾಗ ನಾವೂ ಹಾಗೆಯೇ ಲೆಕ್ಕ ಹಾಕುತ್ತಿದ್ದೆವು. ಪಾನ್‌ದಾನ್ ಭಾಬಿಗೆ ಹೋಯಿತು. ಅಮ್ಮಿಯ ಕಾಲೊತ್ತಿದವರು ಅವರೇ ಆದ್ದರಿಂದ ಯಾರೂ ಮಾತಾಡಲಿಲ್ಲ. ನಾವು ಕೇಳಿದ್ದು ಮೂರೇ ವಸ್ತು: ತಖ್ತ್, ಜಮಖಾನ ಮತ್ತು ಒಂದು ಕೌದಿ. ಆಪಾ ನಕ್ಕರು. "ಎಲ್ಲರೂ ಬಿಟ್ಟಿದ್ದನ್ನೇ ಆರಿಸಿಕೊಂಡಿರಿ" ಎಂದರು.

ಅಮ್ಮಿ ಮಾತ್ರ ನಗಲಿಲ್ಲ. ಹುಬ್ಬಳ್ಳಿಯ ನಮ್ಮ ಬಾಡಿಗೆಮನೆಯ ಹಾಲ್‌ನಲ್ಲಿ ತಖ್ತ್ ಹಾಕಿ ಅದರ ಮೇಲೆ ಕೌದಿ ಹಾಸಿದ್ದನ್ನು ಕಂಡು ಅವರ ಮುಖ ಸಪ್ಪಗಾಯಿತು. "ಬಂದವರೆಲ್ಲ ನೋಡುವ ಹಾಗೆ ನಮ್ಮ ಗರೀಬಿಯನ್ನು ಹಾಸಿದ್ದೀರಲ್ಲ, ಒಂದು ಒಳ್ಳೆಯ ಚಾದರ್ ತರಲು ನಿಮಗೆ ದುಡ್ಡಿಲ್ಲವೇ?" ಎಂದು ಕೇಳಿದರು.

ಕೌದಿಯೆಂದರೆ ಏನೆಂದು ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಉಟ್ಟು ಹರಿದ ಸೀರೆ, ಸವೆದ ಧೋತರ, ಚಿಕ್ಕದಾದ ಅಂಗಿ, ಲಂಗಗಳನ್ನು ಕತ್ತರಿಸಿ, ಪದರದ ಮೇಲೆ ಪದರವಿಟ್ಟು, ಸಾಲಾಗಿ ಹೊಲಿಗೆ ಹಾಕಿ ಮಾಡುವ ಹೊದಿಕೆ ಅದು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಇದೇ ಬಗೆಯದನ್ನು 'ಕವಂದಿ' ಎನ್ನುತ್ತಾರೆ. ಅವರು ಒಂದು ಮೂಲೆಯಿಂದ ಹಿಡಿದು ಅಂಚಿನಗುಂಟ ಸುತ್ತುತ್ತಾ ನಡುವಿಗೆ ಬರುವಂತೆ ಹೊಲಿಯುತ್ತಾರೆ. ನಾಲ್ಕು ಮೂಲೆಗೂ 'ಫೂಲ' ಎಂಬ ಮಡಿಚಿದ ಬಟ್ಟೆಯ ಹೂವು ಇಟ್ಟ ಮೇಲೇ ಕವಂದಿ ಪೂರ್ತಿಯಾಯಿತೆಂದು ಲೆಕ್ಕ. ಸಿದ್ದಿಗಳಲ್ಲಿ ಮುಸ್ಲಿಮರೂ ಹಿಂದೂಗಳೂ ಕ್ರೈಸ್ತರೂ ಇದ್ದಾರೆ, ಮೂವರೂ ಹೊಲಿಯುವುದು ಒಂದೇ ಕವಂದಿಯನ್ನು. ಅದು ಈಗ ಅಮೆರಿಕದ ಪ್ರದರ್ಶನಗಳಲ್ಲಿ ಕಲೆಯೆಂದು ಗೋಡೆಯ ಮೇಲೆ ನೇತಾಡಿದೆ.

ಇದನ್ನೆಲ್ಲ ಅಮ್ಮಿಗೆ ಹೇಳಿದೆವು. ಅಮೆರಿಕದ ಗೋಡೆಯ ಮಾತು ಅವರ ಮೇಲೆ ಯಾವ ಪರಿಣಾಮವನ್ನೂ ಮಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೌದಿಯ ಒಂದು ಮಗ್ಗುಲನ್ನು ಹುಡುಕಿ ಅಂಗೈಯಷ್ಟು ನೀಲಿ ಗೀರಿನ ಬಟ್ಟೆಯನ್ನು ತೋರಿಸಿದರು. ಐದನೆಯ ವಯಸ್ಸಿಗೇ ಜ್ವರದಿಂದ ಹೋದ ನಮ್ಮ ಮನೆಯ ಹುಡುಗನ ಅಂಗಿಯ ತುಂಡು ಅದು. "ಇದರ ಮೇಲೆ ಯಾರಾದರೂ ಕುಳಿತರೆ ನನಗೆ ಆಗುವುದಿಲ್ಲ" ಎಂದರು.

ಅಲ್ಲಿಗೆ ವಾದ ಮುಗಿಯಿತು. ಕೌದಿ ತಖ್ತಿನ ಹಾಸಾಗಲಿಲ್ಲ. ನೀಲಿ ಗೀರು ಮೇಲಕ್ಕೆ ಬರುವಂತೆ ಮಡಿಚಿ ತಖ್ತಿನ ತಲೆಯ ಕಡೆ ಇಟ್ಟೆವು. ಈಗಲೂ ಅದು ಅಲ್ಲಿಯೇ ಇದೆ. ಬಂದವರು ಆ ಮಡಿಕೆಯನ್ನು ಮೆಚ್ಚಿ "ಎಷ್ಟು ಚೆಂದ ಇಟ್ಟೀರಿ" ಎನ್ನುತ್ತಾರೆ. ಆ ಜಾಗವನ್ನು ನಾವು ಆರಿಸಿದ್ದಲ್ಲ. ಮನೆಯ ಶೈಲಿಯೆಂಬುದು ನಮ್ಮೊಬ್ಬರ ರುಚಿಯಿಂದ ಆಗುವ ಕೆಲಸವಲ್ಲ, ಆ ವಸ್ತುವಿನೊಡನೆ ಬಾಳಿದವರ ಮಾತನ್ನೂ ಕೇಳಬೇಕಾಗುತ್ತದೆ ಎಂಬುದು ಅಂದು ನಮಗೆ ತಿಳಿದ ಮೊದಲ ಪಾಠ.

ತಖ್ತಿನ ಮೇಲೆ ಹಾಸಿದ್ದು ನವಲಗುಂದದ ಜಮಖಾನ. ಆದಿಲ್‌ಶಾಹಿ ಕಾಲದಲ್ಲಿ ವಿಜಾಪುರದಿಂದ ವಲಸೆ ಬಂದ ನೇಕಾರ ಮನೆತನಗಳು ಧಾರವಾಡ ಜಿಲ್ಲೆಯ ಈ ಊರಿನಲ್ಲಿ ನೆಲೆಸಿದವೆಂದು ಹೇಳುತ್ತಾರೆ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ನೇಯುವವರು ಮುಸ್ಲಿಮ್ ಹೆಂಗಸರು. ಪಗಡೆಯ ಹಾಸು, ನವಿಲು, ಗೆರೆಗಳ ಚೌಕ ಇವರ ಹೆಸರಾಂತ ವಿನ್ಯಾಸಗಳು. ಜಮಖಾನದಂತೆ ಜಾನಮಾಝನ್ನೂ ನೇಯುತ್ತಾರೆ. ವಿದ್ಯೆ ಮನೆಯಿಂದ ಹೊರಗೆ ಹೋಗಬಾರದೆಂದು ಇದನ್ನು ಹೆಣ್ಣುಮಕ್ಕಳಿಗೆ ಕಲಿಸದೆ ಸೊಸೆಯಂದಿರಿಗೆ ಕಲಿಸುವ ರೂಢಿ ಇತ್ತು. ಹುಟ್ಟಿದ ಮನೆಯ ಕಸುಬು ಮಗಳಿಗೆ ಸಿಗದೆ, ಬಂದವಳಿಗೆ ಸಿಗುವ ಈ ಏರ್ಪಾಡಿನಲ್ಲಿ ಒಂದು ಕತೆಯೇ ಅಡಗಿದೆ. ಗುಟ್ಟನ್ನು ಕಾಯುತ್ತಾ ಕಾಯುತ್ತಾ ಕಸುಬೇ ಬೆರಳೆಣಿಕೆಯ ಮನೆಗಳಿಗೆ ಇಳಿಯಿತು. ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದರೂ ದಿನಗಟ್ಟಲೆ ಕುಳಿತು ನೇಯ್ದವಳ ಕೂಲಿ, ಯಂತ್ರದಲ್ಲಿ ನೇಯ್ದ ಅಗ್ಗದ ಹಾಸಿನ ಬೆಲೆಯೊಡನೆ ಹೋರಾಡಬೇಕಾಗಿದೆ.

ಇಲ್ಲಿ ಓದುಗರಿಗೆ ಒಂದು ಮಾತು. ಹಳೆಯ ಕಳೆ ಬೇಕೆಂದರೆ ಹಳೆಯ ವಸ್ತುವನ್ನೇ ಕೊಳ್ಳಬೇಕೆಂದಿಲ್ಲ. ಹಳೆಯ ರೀತಿಯಲ್ಲಿ ಇಂದಿಗೂ ಮಾಡುವವರಿಂದ ಹೊಸದನ್ನು ಕೊಳ್ಳಬಹುದು. ಬೀದರಿನ ಕುಶಲಕರ್ಮಿಗಳು ಸತುವಿನ ಜೊತೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣನ್ನು ಬಳಸಿ ಅದಕ್ಕೆ ಕಪ್ಪು ಹಿಡಿಸುತ್ತಾರೆ. ಮಣ್ಣು ಲೋಹವನ್ನು ಕಪ್ಪಾಗಿಸುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತಾ ಉಳಿಯುತ್ತದೆ. ಈ ಕಲೆಗಾಗಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅಂಥವರು ಮಾಡಿದ ಚಿಕ್ಕದೊಂದು ಹೂದಾನಿ ಮನೆಯಲ್ಲಿದ್ದರೆ ಮೂಲೆಯೂ ಬೆಳಗುತ್ತದೆ, ಕುಲುಮೆಯೂ ಆರುವುದಿಲ್ಲ.

ಹಳೆಯದನ್ನೇ ಕೊಳ್ಳುವವರು ಸ್ವಲ್ಪ ಎಚ್ಚರದಿಂದಿರಬೇಕು. ಹೊಸ ಕುರ್ಚಿಗೆ ಮರಳುಕಾಗದ ತಿಕ್ಕಿ, ಚಹದ ಬಣ್ಣ ಬಳಿದು ನೂರು ವರ್ಷದ್ದೆಂದು ಮಾರುವವರಿದ್ದಾರೆ. ನಿಜವಾದ ಸವೆತ ಮನುಷ್ಯರ ಕೈಕಾಲು ತಾಗುವಲ್ಲಿ ಮಾತ್ರ ಇರುತ್ತದೆ: ಕುರ್ಚಿಯ ತೋಳಿನ ತುದಿ, ಖಾನೆಯ ಹಿಡಿ, ಕಾಲಿಡುವ ಅಡ್ಡಪಟ್ಟಿ. ಎಲ್ಲ ಕಡೆಯೂ ಒಂದೇ ಸಮ ಸವೆದಿದ್ದರೆ ಅನುಮಾನಿಸಬೇಕು. ಸ್ಟಾರ್ ಸ್ಕ್ರೂ ಕಂಡರೆ ಅದು ಆಮೇಲಿನ ರಿಪೇರಿ ಇರಬಹುದು, ಇಲ್ಲವೇ ಕುರ್ಚಿಯೇ ಹೊಸದು. ಅಂಥ ಸ್ಕ್ರೂ ಅಮೆರಿಕದಲ್ಲಿ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಹಿತ್ತಾಳೆಯೆಂದು ಕೊಟ್ಟ ಪಾತ್ರೆಗೆ ಅಯಸ್ಕಾಂತ ಅಂಟಿಕೊಂಡರೆ ಒಳಗಿರುವುದು ಕಬ್ಬಿಣ. ನೂರು ವರ್ಷ ದಾಟಿದ ಕಲಾವಸ್ತುಗಳಿಗೆ, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳಿಗೆ 1972ರ ಪ್ರಾಚ್ಯವಸ್ತು ಕಾಯಿದೆ ಅನ್ವಯಿಸುತ್ತದೆ. ಅವುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಫಾರಸಿ ಹಸ್ತಪ್ರತಿ ಇರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ, ಅಂಥವರು ಇದನ್ನು ನೆನಪಿಡುವುದು ಒಳಿತು.

ಬಣ್ಣ ಹಚ್ಚಿದ ಹಳೆಯ ತೊಟ್ಟಿಲು, ಕಿಟಕಿಗಳನ್ನು ಒಣಗಿದ್ದಾಗಲೇ ಕೆರೆಯಬಾರದು. ಹಳೆಯ ಬಣ್ಣಗಳಲ್ಲಿ ಸೀಸವಿರುತ್ತಿತ್ತು. ನಮ್ಮ ದೇಶದಲ್ಲಿ ಮನೆಬಣ್ಣದ ಸೀಸಕ್ಕೆ ಹತ್ತು ಲಕ್ಷಕ್ಕೆ 90 ಭಾಗವೆಂಬ ಮಿತಿ ಜಾರಿಗೆ ಬಂದದ್ದು 2017ರಲ್ಲಿ. ಅದರ ಧೂಳು ಮಕ್ಕಳಿಗೆ ವಿಷ. ಹಾಗೆಯೇ ಒಳಗಿನ ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಹುಣಸೆಹುಳಿ, ಮೊಸರು ಹಾಕಿ ಬೇಯಿಸಬಾರದು. ಕಲಾಯಿಯವರು ಬೀದಿಬೀದಿಗೆ ಬರುತ್ತಿದ್ದ ದಿನಗಳು ನಮಗೆ ನೆನಪಿವೆ. ತಿದಿಯೊತ್ತಿ ಬೆಂಕಿ ಮಾಡಿ, ಕಾದ ಪಾತ್ರೆಗೆ ನವಸಾಗರ ಎರಚಿ, ಬಿಳಿಹೊಗೆ ಏಳುತ್ತಿದ್ದಂತೆ ತವರವನ್ನು ತಾಗಿಸಿ ಅರಳೆಯಿಂದ ಒರೆಸಿದರೆ ಪಾತ್ರೆಯೊಳಗೆ ಚಂದ್ರ ಮೂಡಿದಂತೆ ಕಾಣುತ್ತಿತ್ತು. ಈಗ ಅವರನ್ನು ಹುಡುಕಿಕೊಂಡು ನಾವೇ ಹೋಗಬೇಕು. ಕಲಾಯಿ ಸಿಗದಿದ್ದರೆ ಅಂಥ ಪಾತ್ರೆಯಲ್ಲಿ ಅಡುಗೆ ಬೇಡ, ಒಂದು ಗಿಡ ನೆಡಿರಿ.

ಬಾಡಿಗೆಮನೆಯಲ್ಲಿ ಗೋಡೆ ನಮ್ಮದಲ್ಲ. ಮೊಳೆ ಹೊಡೆಯಲೂ ಅನುಮತಿ ಬೇಕು. ನಮ್ಮಂಥವರಿಗೆ ಅದಕ್ಕೆ ಮೊದಲು ಮನೆಯೇ ಸಿಗಬೇಕು. 2021ರಲ್ಲಿ ಮನೆ ಬದಲಿಸಬೇಕಾದಾಗ, ಫೋನಿನಲ್ಲಿ ಖಾಲಿಯಿದ್ದ ಮನೆಗಳು ನಮ್ಮ ಹೆಸರು ಕೇಳಿದ ಮೇಲೆ ಭರ್ತಿಯಾಗುತ್ತಿದ್ದವು. ಮೂರು ತಿಂಗಳ ಮೇಲೆ ಒಂದು ಮನೆ ಸಿಕ್ಕಿತು. ಕೊಡಿಸಿದ ದಲ್ಲಾಳಿ ಒಳ್ಳೆಯ ಮನಸ್ಸಿನಿಂದಲೇ ಒಂದು ಸಲಹೆ ಕೊಟ್ಟ. "ಆ ಉರ್ದು ಫೋಟೊ ಒಳಗಿನ ಖೋಲ್ಯಾಗ ಹಾಕ್ಕೋರಿ. ಹಾಲ್‌ನ್ಯಾಗ ಬ್ಯಾಡ್ರೀ, ಬಾಗಿಲದಾಗಿಂದ ಕಾಣ್ತದ."

ಅವನು ಹೇಳಿದ ಫೋಟೊ ಅಬ್ಬಾ ಬೋರುವಿನ ಲೇಖನಿಯಿಂದ ಬರೆದ 'ಬಿಸ್ಮಿಲ್ಲಾಹ್'. ಉರ್ದು ಶಾಲೆಯ ಮಾಸ್ತರರಾಗಿದ್ದ ಅವರಿಗಿದ್ದ ಹವ್ಯಾಸ ಅದೊಂದೇ. ಜೀವಿಗಳ ಚಿತ್ರ ಹಾಕದ ಮನೆಗಳಲ್ಲಿ ಅಕ್ಷರವೇ ಚಿತ್ರವಾಗುತ್ತದೆ. ನಮ್ಮ ಗೋಡೆಗೆ ಅದಕ್ಕಿಂತ ಹಳೆಯ, ಅದಕ್ಕಿಂತ ನಮ್ಮದಾದ ಅಲಂಕಾರ ಇನ್ನೊಂದಿಲ್ಲ. ಅದನ್ನು ಒಳಕೋಣೆಗೆ ಸಾಗಿಸಿ, ಹಾಲ್‌ನಲ್ಲಿ ಪೇಟೆಯ ಹೂವಿನ ಚಿತ್ರ ಹಾಕಿದರೆ ಮನೆ ಚೆಂದವೇ ಕಾಣುತ್ತಿತ್ತು. ಆದರೆ ಅದು ಯಾರ ಮನೆಯಾಗುತ್ತಿತ್ತು? ಒಂದು ರಾತ್ರಿಯೆಲ್ಲ ಮಾತಾಡಿದೆವು. ಮಕ್ಕಳೂ ಕೇಳಿಸಿಕೊಂಡರು. ಬೆಳಿಗ್ಗೆ ಅದನ್ನು ತಖ್ತಿನ ಮೇಲ್ಗಡೆ, ಬಾಗಿಲಿಗೆ ಎದುರಾಗಿಯೇ ಹಾಕಿದೆವು.

ತಿಂಗಳ ಬಾಡಿಗೆಗೆಂದು ಬಂದ ಮನೆಯೊಡೆಯರ ತಾಯಿ ಅದನ್ನು ಬಹಳ ಹೊತ್ತು ನೋಡಿದರು. "ಏನ್ ಬರದೈತಿ ಅದು?" ಎಂದು ಕೇಳಿದರು. ದೇವರ ಹೆಸರಿನಿಂದ ಶುರು ಮಾಡುತ್ತೇವೆ ಎಂದು ಅರ್ಥವೆಂದೆವು. "ನಾವು ಶ್ರೀ ಅಂತ ಬರೀತೀವಲ್ಲ, ಹಂಗ" ಎಂದವರು ತಖ್ತಿನ ಮೇಲೆ ಕುಳಿತು ಜಮಖಾನವನ್ನು ಕೈಯಿಂದ ಸವರಿದರು. "ನಮ್ಮ ತವರುಮನ್ಯಾಗ ಇಂಥಾದ್ದ ಇತ್ತು. ಮಕ್ಕಳು ಎಲ್ಲಿ ಒಗದ್ರೋ ಏನೋ." ಎಲ್ಲ ಮನೆಯೊಡೆಯರೂ ಹೀಗಿರುತ್ತಾರೆಂದು ಹೇಳಲು ನಾವು ಮುಗ್ಧರಲ್ಲ. ಮುಚ್ಚಿದ ಬಾಗಿಲುಗಳ ಲೆಕ್ಕವೂ ನಮ್ಮ ಹತ್ತಿರ ಇದೆ. ಆದರೆ ಬಚ್ಚಿಟ್ಟಿದ್ದರೆ ಈ ಮಾತು ಹುಟ್ಟುತ್ತಲೇ ಇರಲಿಲ್ಲ.

ನಿಮ್ಮ ಮನೆಗೆ ಯಾವ ಶೈಲಿ ಒಪ್ಪುತ್ತದೆಂದು ತಿಳಿಯಲು ಅಂಗಡಿಗೆ ಹೋಗುವ ಮೊದಲು ಅಟ್ಟ ಹತ್ತಿ ನೋಡಿ. ಸಿಕ್ಕಿದ್ದನ್ನೆಲ್ಲ ಇಳಿಸಬೇಡಿ, ಒಂದು ಕೋಣೆಗೆ ಒಂದು ಹಳೆಯ ವಸ್ತು ಸಾಕು. ಸುತ್ತ ಸ್ವಲ್ಪ ಖಾಲಿ ಜಾಗವಿದ್ದರೇ ಅದು ಮಾತಾಡುತ್ತದೆ. ಗೋಡೆ ತಿಳಿಯಾಗಿರಲಿ, ರಾತ್ರಿಗೆ ಬಿಳಿಯ ಟ್ಯೂಬ್‌ಲೈಟಿನ ಬದಲು ಹಳದಿ ಬೆಳಕಿನ ಬಲ್ಬ್ ಇರಲಿ. ಪರದೆ, ದಿಂಬಿನ ಬಣ್ಣವನ್ನು ಆ ಹಳೆಯ ವಸ್ತುವಿನಿಂದಲೇ ಎರವಲು ಪಡೆಯಿರಿ. ನಮ್ಮ ಹಾಲ್‌ನ ಕೆಂಪು, ಹಳದಿಗಳು ಬಂದದ್ದು ಜಮಖಾನದಿಂದ. ಎಲ್ಲಕ್ಕಿಂತ ಮೊದಲು, ಮನೆಯಲ್ಲಿ ಹಿರಿಯರಿದ್ದರೆ ಆ ವಸ್ತುವನ್ನು ಅವರ ಮುಂದಿಟ್ಟು ಕೇಳಿ. ಅದು ಯಾರದು, ಯಾವ ಕೆಲಸದ್ದು, ಎಲ್ಲಿ ಇಟ್ಟರೆ ಅವರ ಮನಸ್ಸು ನೋಯದು ಎಂದು ಹೇಳಬಲ್ಲವರು ಅವರೇ. ಅವರು ಇರುವಾಗಲೇ ಕೇಳಿಕೊಳ್ಳಬೇಕು. ಆಮೇಲೆ ಉಳಿಯುವುದು ಗುಜರಿಯವನ ತೂಕವೊಂದೇ.