ಕೆಎ-09 ನಂಬರಿನ ಕಾರು ಮದರಾಸಿಗೆ ಬಂದದ್ದು

ಅಮ್ಮ ಹೋದ ಮೇಲೆ ಅಪ್ಪ ಕಾರು ಓಡಿಸುವುದನ್ನು ಬಿಟ್ಟರು. 2009ರಲ್ಲಿ ರಿಟೈರ್ ಆದಾಗ ಕೊಂಡ ವ್ಯಾಗನ್ ಆರ್. ನಂಜನಗೂಡಿಗೆ, ಮೇಲುಕೋಟೆಗೆ, ಮಗಳ ಮನೆಗೆ ಅಂತ ಇಬ್ಬರೇ ಓಡಾಡಿಕೊಂಡಿದ್ದ ಗಾಡಿ. 2015ರ ಜೂನ್‌ನಲ್ಲಿ ನನಗೆ ಚೆನ್ನೈಗೆ ವರ್ಗವಾದಾಗ ಅವರು ಕೀ ತಂದು ಕೈಗಿಟ್ಟರು. "ನೀನೇ ತಗೊಂಡ್ಹೋಗು. ನಿಂತಲ್ಲೇ ನಿಂತ್ರೆ ಹಾಳಾಗೋಗತ್ತೆ." ಗ್ಲವ್ ಬಾಕ್ಸಿನಲ್ಲಿ ಅಮ್ಮನ ಕುಂಕುಮದ ಭರಣಿ ಹಾಗೇ ಇತ್ತು. ತೆಗೆಯಲು ಅವರಿಗೂ ಮನಸ್ಸಿಲ್ಲ, ನನಗೂ ಇಲ್ಲ.

ಮನೆ ಸಾಮಾನಿನ ಲಾರಿಯ ಜೊತೆಗೇ ಕಾರನ್ನೂ ಕಳಿಸಿಕೊಡುತ್ತೇವೆ ಎಂದು ಪ್ಯಾಕರ್ಸಿನವರು ಹೇಳಿದ್ದರು. ಕೇಳಿದ ದುಡ್ಡಿಗೆ ನಾಲ್ಕು ಸಲ ಪೆಟ್ರೋಲು ಹಾಕಿಸಿ ಹೋಗಿ ಬರಬಹುದಿತ್ತು. ನಾನೇ ಓಡಿಸಿಕೊಂಡು ಹೊರಟೆ. ಮೈಸೂರಿನಿಂದ ಐನೂರು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಬೆಂಗಳೂರು ದಾಟುವುದೇ ಅರ್ಧ ಪ್ರಯಾಣ. ಅತ್ತಿಬೆಲೆ ಕಳೆದು ಹೊಸೂರು, ಕೃಷ್ಣಗಿರಿ ಬಂದರೆ ಆಮೇಲೆ ರಸ್ತೆ ತಾನಾಗಿ ಕರೆದುಕೊಂಡು ಹೋಗುತ್ತದೆ. ವಾಣಿಯಂಬಾಡಿ, ಆಂಬೂರು, ವೇಲೂರು. ಒಂದೊಂದು ಊರಿಗೂ ಒಂದಿಷ್ಟು ಸೆಖೆ ಹೆಚ್ಚಾಗುತ್ತಾ ಹೋಗುತ್ತದೆ. ಶ್ರೀಪೆರಂಬದೂರಿನ ಹತ್ತಿರ ಕಾರಿನ ಕಾರ್ಖಾನೆಗಳಿಂದ ಹೊರಟ ಉದ್ದುದ್ದ ಟ್ರೈಲರ್‌ಗಳು, ಮೈಮೇಲೆ ನಂಬರೇ ಬೀಳದ ಹೊಸ ಕಾರುಗಳನ್ನು ಹೊತ್ತುಕೊಂಡು ಎದುರಾದವು. ಅವುಗಳ ನಡುವೆ ನಮ್ಮ ಕೆಎ-09 ಬಡನೆಂಟನ ಹಾಗೆ ನುಸುಳಿತು.

ಮೊದಲ ವಾರದಲ್ಲೇ ವೇಳಚೇರಿ ಸಿಗ್ನಲ್ಲಿನಲ್ಲಿ ಕೈ ಅಡ್ಡ ಬಂತು. "ಸಾರ್, ವಂಡಿ ಕರ್ನಾಟಕಾವಾ?" ಹೌದು ಎಂದೆ. ಯಾವಾಗ ಬಂದಿದ್ದು, ಎಷ್ಟು ದಿನ ಇರುತ್ತೀರಿ, ಎಲ್ಲಿ ಕೆಲಸ. ಪ್ರಶ್ನೆಗಳು ಮರ್ಯಾದೆಯಾಗಿಯೇ ಇದ್ದವು, ಆದರೆ ಪ್ರತಿ ಸಲವೂ ಇದ್ದವು. ಬರುವಾಗ ಕಟ್ಟಿದ ಟೋಲ್ ಚೀಟಿಗಳನ್ನು ಜೋಪಾನ ಮಾಡಿ ಎಂದು ಆಫೀಸಿನ ಕನ್ನಡದ ಗೆಳೆಯರೊಬ್ಬರು ಹೇಳಿಕೊಟ್ಟರು. ಗಾಡಿ ಈ ರಾಜ್ಯಕ್ಕೆ ಬಂದದ್ದು ಯಾವತ್ತು ಎಂಬುದಕ್ಕೆ ಅದೇ ಸಾಕ್ಷಿ.

ಇದರಲ್ಲಿ ಕಾನೂನು ಹೇಳುವುದೇನು ಅಂದರೆ, ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗೆ ಮೀರಿ ಇಟ್ಟುಕೊಂಡರೆ ಹೊಸ ನಂಬರು ತೆಗೆದುಕೊಳ್ಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮು. ಅದಕ್ಕೆ ಮೊದಲು ಹಳೆಯ ಆರ್‌ಟಿಒದಿಂದ ಎನ್‌ಒಸಿ ಬೇಕು, ಅದು 48ನೇ ಕಲಮು. ಹನ್ನೆರಡು ತಿಂಗಳು ಅಂತ ಕೇಂದ್ರದ ಕಾಯ್ದೆ ಹೇಳಿದರೂ ತೆರಿಗೆ ರಾಜ್ಯದ್ದು. ರಸ್ತೆಯಲ್ಲಿ ಕೈ ಅಡ್ಡ ಹಾಕುವವರ ಮನಸ್ಸಿನಲ್ಲಿ ಇರುವುದು ತೆರಿಗೆಯೇ. ತಮಿಳುನಾಡನ್ನು ಬೈಯುವ ಮೊದಲು ಒಂದು ಮಾತು: ಮೂವತ್ತು ದಿನಕ್ಕಿಂತ ಹೆಚ್ಚು ಇರುವ ಹೊರರಾಜ್ಯದ ಗಾಡಿಗೆ ಪೂರ್ತಿ ಲೈಫ್‌ಟೈಮ್ ತೆರಿಗೆ ಕಟ್ಟಿ ಎಂದು 2014ರಲ್ಲಿ ತಿದ್ದುಪಡಿ ತಂದದ್ದು ನಮ್ಮ ಕರ್ನಾಟಕವೇ. ಬೆಂಗಳೂರಿನಲ್ಲಿ ಹೊರಗಿನ ನಂಬರಿನವರು ಪಟ್ಟ ಪಾಡು ಆಗ ನಮಗೆ ಕಾಣಿಸಿರಲಿಲ್ಲ. ಆಮೇಲೆ ಹೈಕೋರ್ಟು ಅದನ್ನು ರದ್ದು ಮಾಡಿತು.

ನಾನು ಹನ್ನೆರಡು ತಿಂಗಳಿದೆಯಲ್ಲ ಎಂದು ಆರಾಮಾಗಿದ್ದೆ. ಆಗ ಬಂತು ಡಿಸೆಂಬರ್.

2015ರ ಡಿಸೆಂಬರ್ 1ರ ಮಳೆಯನ್ನು ಚೆನ್ನೈಯಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಚೆಂಬರಂಬಾಕ್ಕಂ ಕೆರೆಯ ನೀರು ಬಿಟ್ಟರು, ಅಡ್ಯಾರ್ ನದಿ ಉಕ್ಕಿತು. ನಾವಿದ್ದದ್ದು ವೇಳಚೇರಿ, ಕೆರೆಯ ಊರು. ನಮ್ಮ ಕಟ್ಟಡದ ಕೆಳಗೆ ಕಂಬಗಳ ನಡುವೆ ಪಾರ್ಕಿಂಗ್. ರಾತ್ರಿ ಎದುರು ಮನೆಯ ಸಾರ್ ಬಾಗಿಲು ಬಡಿದು ಎಬ್ಬಿಸಿದರು. ಅವರು ಬ್ಯಾಂಕಿನಿಂದ ನಿವೃತ್ತರಾದವರು. ಇಳಿದು ನೋಡಿದರೆ ನೀರು ಆಗಲೇ ಚಕ್ರದ ಅರ್ಧಕ್ಕೆ. ನಾನು ಕೀ ಹಾಕಲು ಹೋದೆ. ಅವರು ಕೈ ಹಿಡಿದುಕೊಂಡರು. "ಸ್ಟಾರ್ಟ್ ಪಣ್ಣಾದೀಂಗ!"

ಆ ಒಂದು ಮಾತಿನ ಬೆಲೆ ನನಗೆ ಆಮೇಲೆ ಗೊತ್ತಾಯಿತು. ನೀರು ನಿಂತ ಗಾಡಿಯನ್ನು ಸ್ಟಾರ್ಟ್ ಮಾಡಿದರೆ ಇಂಜಿನ್ನು ನೀರನ್ನೇ ಎಳೆದುಕೊಳ್ಳುತ್ತದೆ. ಗಾಳಿಯನ್ನು ಒತ್ತಿದ ಹಾಗೆ ನೀರನ್ನು ಒತ್ತಲಾಗದು, ಒಳಗಿನ ಕನೆಕ್ಟಿಂಗ್ ರಾಡು ಬಾಗುತ್ತದೆ. ಸಾಮಾನ್ಯ ವಿಮೆಯಲ್ಲಿ ಪ್ರವಾಹದ ನಷ್ಟ ಸಿಗುತ್ತದೆ, ಆದರೆ ಹೀಗೆ ನೀವೇ ಕೀ ತಿರುಗಿಸಿ ಇಂಜಿನ್ನು ಕೆಡಿಸಿಕೊಂಡರೆ, ಇಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇಲ್ಲದಿದ್ದರೆ, ಕೈ ಎತ್ತುತ್ತಾರೆ. ಮೈಸೂರಿನಲ್ಲಿ ಯಾರು ಇದನ್ನು ಯೋಚಿಸುತ್ತಾರೆ? ಅಪ್ಪನ ಪಾಲಿಸಿಯಲ್ಲಿ ಆ ಹೆಚ್ಚುವರಿ ಇರಲಿಲ್ಲ. ಕರಾವಳಿಯ ಊರಿಗೆ ಗಾಡಿ ತರುವವರು ಮಿಕ್ಕಿದ್ದೆಲ್ಲ ಮರೆತರೂ ಇದೊಂದನ್ನು ಮಾಡಿಸಿಕೊಂಡೇ ಬನ್ನಿ. ವಿಳಾಸ ಬದಲಾದದ್ದನ್ನೂ ವಿಮೆಯವರಿಗೆ ತಿಳಿಸಿ.

ಗೇರ್ ನ್ಯೂಟ್ರಲ್ ಮಾಡಿ ನಾಲ್ಕು ಜನ ತಳ್ಳಿದೆವು. ಗೇಟಿನವರೆಗೆ ಬಂತು, ಮುಂದೆ ರಸ್ತೆಯೇ ಇರಲಿಲ್ಲ. ಬೆಳಿಗ್ಗೆ ನೋಡುವಾಗ ನೀರು ಸೀಟಿನ ಮಟ್ಟಕ್ಕೆ ನಿಂತಿತ್ತು. ಎರಡು ದಿನ ಕರೆಂಟಿಲ್ಲ, ಫೋನಿಲ್ಲ. ಮೇಲಿನ ಮನೆಯವರೆಲ್ಲ ಸೇರಿ ತಾರಸಿಯಲ್ಲಿ ಅನ್ನ ಬೇಯಿಸಿ ಹಂಚಿಕೊಂಡೆವು. ಕಟ್ಟಡದಲ್ಲಿ ಆರು ತಿಂಗಳಿಂದ "ಕರ್ನಾಟಕ ವಂಡಿ"ಯವರಾಗಿದ್ದ ನಮಗೆ ಹೆಸರು ಬಂದದ್ದು ಆ ತಾರಸಿಯಲ್ಲಿ.

ಕಾರು ವರ್ಕ್‌ಶಾಪಿನಿಂದ ಮರಳಿದ್ದು ಫೆಬ್ರುವರಿಯಲ್ಲಿ. ಊರಿನ ಎಲ್ಲ ವರ್ಕ್‌ಶಾಪುಗಳ ಮುಂದೆಯೂ ಕೆಸರು ಮೆತ್ತಿದ ಗಾಡಿಗಳ ಸಾಲು. ಒಳಗಿನ ವಾಸನೆ ಮಾತ್ರ ಬಹಳ ದಿನ ಹೋಗಲಿಲ್ಲ. ಗ್ಲವ್ ಬಾಕ್ಸಿನ ಕುಂಕುಮ ಕರಗಿ ಕಾಗದಗಳಿಗೆಲ್ಲ ಹತ್ತಿತ್ತು. ಆರ್‌ಸಿ ಪುಣ್ಯಕ್ಕೆ ಸ್ಮಾರ್ಟ್ ಕಾರ್ಡು, ಒರೆಸಿದರೆ ಆಯಿತು. (ಈಗ ಮಳೆಯ ಮುನ್ಸೂಚನೆ ಬಂದರೆ ಸಾಕು, ವೇಳಚೇರಿಯ ಜನ ಕಾರುಗಳನ್ನು ಮೇಲ್ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿ ಬರುತ್ತಾರೆ. 2024ರ ಅಕ್ಟೋಬರಿನಲ್ಲಿ ನೀವೂ ಆ ಚಿತ್ರಗಳನ್ನು ನೋಡಿರಬಹುದು. ನಕ್ಕವರು 2015ನ್ನು ನೋಡಿಲ್ಲ.)

ಕಾಗದದ ಕೆಲಸಕ್ಕೆ ಇಳಿದದ್ದು ಏಪ್ರಿಲ್‌ನಲ್ಲಿ. ಗಾಡಿ ಅಪ್ಪನ ಹೆಸರಿನಲ್ಲಿ, ಹಾಗಾಗಿ ಎರಡು ಕೆಲಸ: ಹೆಸರು ಬದಲಾಯಿಸುವುದು, ರಾಜ್ಯ ಬದಲಾಯಿಸುವುದು. ಎನ್‌ಒಸಿಗೆ ಫಾರಂ 28, ಹಲವು ಪ್ರತಿ. ಪ್ರತಿಯೊಂದರ ಮೇಲೂ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟು. ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ ಚಿಕ್ಕವರಿದ್ದಾಗ, ಅದೇ ವಿದ್ಯೆ. ಗಾಡಿ ಕಳವಿನದಲ್ಲ ಎಂದು ಪೊಲೀಸ್ ದಾಖಲೆ ಬೇಕು. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು, ನಮಗೆ ಸಾಲ ತೀರಿತ್ತು. ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30. ಇಲ್ಲಿ ಹೊಸ ನಂಬರಿಗೆ ಫಾರಂ 27. ಆಮೇಲೆ ಗಾಡಿಯ ಬೆಲೆ, ವಯಸ್ಸು ಎರಡನ್ನೂ ನೋಡಿ ತಮಿಳುನಾಡಿನ ಲೈಫ್‌ಟೈಮ್ ತೆರಿಗೆ. ನಮ್ಮ ಏಳು ವರ್ಷದ ಮುದುಕನಿಗೂ ಇಪ್ಪತ್ತು ಸಾವಿರದ ಮೇಲಾಯಿತು. ಹೊಸ ಆರ್‌ಸಿ ಬಂದ ಮೇಲೆ ಅದರ ಪ್ರತಿ ತೋರಿಸಿ ಕರ್ನಾಟಕದಲ್ಲಿ ಕಟ್ಟಿದ್ದ ತೆರಿಗೆಯ ಉಳಿದ ಭಾಗವನ್ನು ವಾಪಸು ಕೇಳಬಹುದು. ಎಷ್ಟೋ ಜನ ಕೇಳುವುದೇ ಇಲ್ಲ, ಕೇಳಿ.

ಸಹಿ ಹಾಕಲು ಅಪ್ಪ ಎರಡು ದಿನ ತೆಗೆದುಕೊಂಡರು. ದುಡ್ಡಿನ ಪ್ರಶ್ನೆ ಅಲ್ಲ. "ನಂಬರೂ ಬದಲಾಗತ್ತಾ?" ಎಂದು ಮೂರು ಸಲ ಕೇಳಿದರು. ನಂಬರಿನ ಅಂಕಿಗಳನ್ನು ಕೂಡಿದರೆ ಒಂಬತ್ತು ಬರುತ್ತದೆ ಅಂತ ಅಮ್ಮ ಆರಿಸಿದ್ದು. ಬೇಡ ಅನ್ನಲೂ ಇಲ್ಲ. ಕೊನೆಗೆ ಸಹಿ ಹಾಕಿ, "ಹಳೇ ಪ್ಲೇಟು ಬಿಸಾಕ್ಬೇಡ. ಬರೋವಾಗ ತಗೊಂಬಾ" ಎಂದರು.

ಅವರು ಆ ಬೇಸಿಗೆಯಲ್ಲಿ ಒಮ್ಮೆ ಚೆನ್ನೈಗೆ ಬಂದಿದ್ದರು. ಬಂದವರು ಡ್ರೈವ್-ಇನ್‌ಗೆ ಕರೆದುಕೊಂಡು ಹೋಗು ಎಂದರು. ಉಡುಪಿ ಸೀಮೆಯಿಂದ ಬಂದ ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಡ್ರೈವ್-ಇನ್, 1962ರಲ್ಲಿ ಶುರುವಾದದ್ದು. ಮರದ ನೆರಳಲ್ಲಿ ಕಾರು ನಿಲ್ಲಿಸಿದರೆ ಬಾಗಿಲಿಗೆ ತಟ್ಟೆ ಸಿಕ್ಕಿಸಿ ಅಲ್ಲೇ ದೋಸೆ, ಕಾಫಿ ಕೊಡುತ್ತಿದ್ದರು. ಅಪ್ಪ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮದರಾಸಿಗೆ ಬಂದಾಗ ಸಾಹೇಬರ ಕಾರಿನಲ್ಲಿ ಕೂತು ತಿಂದಿದ್ದರಂತೆ. ಸ್ವಂತ ಕಾರಿನಲ್ಲಿ ಕೂತು ತಿನ್ನಬೇಕೆಂಬ ಆಸೆ ಅಂದಿನದು. ಅದು 2008ರಲ್ಲೇ ಮುಚ್ಚಿತ್ತು. ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ತೋಟ. ಎದುರು ರಸ್ತೆಯಲ್ಲಿ ಕಾರು ನಿಲ್ಲಿಸಿ ಫ್ಲಾಸ್ಕಿನ ಕಾಫಿ ಕುಡಿದೆವು.

ಆಗಸ್ಟ್‌ನಲ್ಲಿ ಟಿಎನ್ ನಂಬರು ಬಂತು. ಹೊಸ ಪ್ಲೇಟು ಹಾಕಿಸಿ, ಹಳೆಯ ಎರಡನ್ನು ಪೇಪರಿನಲ್ಲಿ ಸುತ್ತಿ ಮಂಚದ ಕೆಳಗಿಟ್ಟೆ. ಒಂದು ತಿಂಗಳೂ ಆಗಿರಲಿಲ್ಲ, ಸೆಪ್ಟೆಂಬರ್ 5ರಂದು ಕಾವೇರಿ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟಿನ ಆದೇಶ. 12ನೇ ತಾರೀಕು ಇನ್ನೊಂದು ಆದೇಶ. ಅಂದು ಬೆಳಗಿನ ಜಾವ ಇಲ್ಲಿ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬು ಬಿತ್ತು. ಅದೇ ದಿನ ಬೆಂಗಳೂರಿನಲ್ಲಿ ತಮಿಳುನಾಡು ನಂಬರಿನ ಬಸ್ಸುಗಳು ಡಿಪೋದಲ್ಲಿ ನಿಂತಲ್ಲೇ ಹೊತ್ತಿ ಉರಿದವು. ಟೀವಿಯಲ್ಲಿ ಬರುತ್ತಿದ್ದದ್ದೆಲ್ಲ ನಂಬರ್ ಪ್ಲೇಟುಗಳೇ.

ಆ ರಾತ್ರಿ ಮಂಗಳೂರಿನ ಗೆಳೆಯನೊಬ್ಬ ತನ್ನ ಕೆಎ-19 ಕಾರನ್ನು ನಮ್ಮ ಪಾರ್ಕಿಂಗಿಗೆ ತಂದ. ಅವನ ಮನೆಯಲ್ಲಿ ಗಾಡಿ ರಸ್ತೆಯ ಮೇಲೇ ನಿಲ್ಲಬೇಕು. ಹಿಂಭಾಗವನ್ನು ಗೋಡೆಗೆ ಒತ್ತಿ ನಿಲ್ಲಿಸಿದೆವು. ಮುಂದಿನ ಪ್ಲೇಟು ಕಾಣುತ್ತಿತ್ತು. ಎದುರು ಮನೆಯ ಸಾರ್ ಲುಂಗಿಯಲ್ಲೇ ಇಳಿದು ಬಂದು, ಏನೂ ಕೇಳದೆ, ತಮ್ಮ ಕಾರನ್ನು ತೆಗೆದು ಅದರ ಮೂಗಿಗೆ ತಾಗುವ ಹಾಗೆ ಅಡ್ಡ ನಿಲ್ಲಿಸಿದರು. ಒಂದು ವಾರ ಅವರು ತರಕಾರಿಗೆ ಆಟೋದಲ್ಲಿ ಹೋದರು.

ನನ್ನ ಗಾಡಿಗೆ ಚೆನ್ನೈಯಲ್ಲಿ ಈಗ ಯಾವ ಭಯವೂ ಇಲ್ಲ. ಭಯ ಮೈಸೂರಿಗೆ ಹೋಗುವಲ್ಲಿ! ಪಿತೃಪಕ್ಷ ಬಂದಿತ್ತು, ಅವಿಧವಾ ನವಮಿಗೆ ಅಮ್ಮನ ಕಾರ್ಯ. ಬಸ್ಸುಗಳು ಗಡಿ ದಾಟುತ್ತಿರಲಿಲ್ಲ, ಹಾಗಾಗಿ ರೈಲಿನಲ್ಲಿ ಕಾಲಿಡಲು ಜಾಗವಿಲ್ಲ. ಹೊಸೂರಿನವರೆಗೆ ಕಾರಿನಲ್ಲಿ ಹೋಗಿ ಅಲ್ಲಿ ಸಹೋದ್ಯೋಗಿಯ ಮಾವನ ಮನೆಯ ಮುಂದೆ ನಿಲ್ಲಿಸಿದೆ. ಅವರ ಮನೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ವಾಕ್ಯದಲ್ಲಿ ಬರುತ್ತವೆ. ಅಂಗಳದಲ್ಲಿ ಎರಡು ಸ್ಕೂಟರು, ಒಂದು ಟಿಎನ್-70, ಇನ್ನೊಂದು ಕೆಎ-51. "ಆ ಕಡೆ ಕೆಲಸ ಇದ್ರೆ ಅದು, ಈ ಕಡೆ ಇದ್ರೆ ಇದು. ಗಲಾಟೆ ಇದ್ರೆ ನಡ್ಕೊಂಡು" ಎಂದರು ಹಿರಿಯರು.

ಜೂಜುವಾಡಿಯಲ್ಲಿ ಇಳಿದು ಅತ್ತಿಬೆಲೆಯ ಕಡೆಗೆ ಜನ ನಡೆಯುತ್ತಿದ್ದರು. ಸೂಟ್‌ಕೇಸು ತಲೆಯ ಮೇಲೆ ಹೊತ್ತವರು, ಮಗು ಎತ್ತಿಕೊಂಡವರು, ಮದುವೆಗೆ ಹೊರಟ ಒಂದು ಕುಟುಂಬ. ಇಷ್ಟು ಅಗಲದ ಹೆದ್ದಾರಿಯಲ್ಲಿ ಕಾಲ್ನಡಿಗೆಯ ಸದ್ದು ಕೇಳಿಸುತ್ತಿತ್ತು. ಪೊಲೀಸರು ಚೀಲ ನೋಡುತ್ತಿದ್ದರು. ನನ್ನ ಚೀಲ ತೆರೆದ ಕಾನ್‌ಸ್ಟೇಬಲ್ಲಿನ ಕೈಗೆ ಸಿಕ್ಕಿದ್ದು ಪೇಪರಿನಲ್ಲಿ ಸುತ್ತಿದ ಎರಡು ನಂಬರ್ ಪ್ಲೇಟು.

ಅಂಥ ದಿನಗಳಲ್ಲಿ, ಗಡಿಯ ಮೇಲೆ, ಚೀಲದಲ್ಲಿ ಕೆಎ ಪ್ಲೇಟು ಇಟ್ಟುಕೊಂಡು ನಡೆಯುವವನು ಯಾರು? ಅವನ ಮುಖ ನೋಡಿದಾಗಲೇ ನನಗೆ ನನ್ನ ಪೆದ್ದತನ ಹೊಳೆದದ್ದು. ಇನ್ಸ್‌ಪೆಕ್ಟರ್ ಬಂದರು. ಹರುಕು ತಮಿಳಿನಲ್ಲಿ ಹೇಳಿದೆ: ನನ್ನದೇ ಗಾಡಿ, ನಂಬರು ಬದಲಾಗಿದೆ, ಅಪ್ಪ ಕೇಳಿದ್ದಾರೆ. ಹಳೆಯ ನಂಬರಿರುವ ಎನ್‌ಒಸಿ ಪ್ರತಿ, ಹೊಸ ಆರ್‌ಸಿ ಎರಡೂ ಚೀಲದಲ್ಲಿದ್ದವು. ತೆರಿಗೆ ವಾಪಸಿಗೆ ಕೊಡಲು ಇಟ್ಟುಕೊಂಡಿದ್ದೆ. ಅವರು ಚಾಸಿ ನಂಬರುಗಳನ್ನು ಬೆರಳಿಟ್ಟು ಒಂದೊಂದೇ ಹೋಲಿಸಿದರು. ಎನ್‌ಒಸಿಯ ಅಂಚಿನ ಕೆಂಪು ಕಲೆ ಏನೆಂದು ಕೇಳಿದರು. ಕುಂಕುಮ ಎಂದೆ. ಚೆನ್ನೈಯ ಮಳೆ, ಗ್ಲವ್ ಬಾಕ್ಸು, ಅಲ್ಲೇ ಇಟ್ಟ ಕಾಗದ ಎಲ್ಲ ಹೇಳಲು ಹೊರಟೆ. "ಅಪ್ಪಾ ಯಾಕೆ ಕೇಳಿದ್ರು?" ಎಂದರು, ಕನ್ನಡದಲ್ಲೇ. ಗೊತ್ತಿಲ್ಲ ಸಾರ್ ಎಂದೆ. ಪೇಪರು ಹರಿದಿತ್ತು, ತಮ್ಮ ಕಡೆಯಿಂದ ಒಂದು ಪ್ಲಾಸ್ಟಿಕ್ ಕವರು ಕೊಡಿಸಿದರು. "ಕೆಳಗಡೆ ಇಟ್ಕೊಳಿ. ಮೇಲೆ ಬಟ್ಟೆ ಹಾಕಿ."

ಇತ್ತೀಚೆಗೆ ವರ್ಗವಾಗಿ ಬರುವವರು ಬಿಎಚ್ ನಂಬರಿನ ಬಗ್ಗೆ ಕೇಳುತ್ತಾರೆ. 2021ರ ಸೆಪ್ಟೆಂಬರಿನಿಂದ ಇದೆ. ಸರ್ಕಾರಿ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯವರಿಗೆ ಅಂತ ಮಾಡಿದ್ದು. ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟಿದರಾಯಿತು, ಊರು ಬದಲಾದರೂ ನಂಬರು ಬದಲಾಗುವುದಿಲ್ಲ. ಮೂರು ವರ್ಷಕ್ಕೊಂದು ಊರು ಅನ್ನುವವರು ವಿಚಾರಿಸಿ ನೋಡಿ. ಇಲ್ಲೇ ಮನೆ ಮಾಡುವವರಾದರೆ ಹನ್ನೆರಡು ತಿಂಗಳು ಕಾಯಬೇಡಿ. ಅಪ್ಪ-ಅಮ್ಮನ ಹೆಸರಿನ ಗಾಡಿಯಾದರೆ ಊರಿನಲ್ಲಿದ್ದಾಗಲೇ ಫಾರಂಗಳಿಗೆ ಸಹಿ ಹಾಕಿಸಿಕೊಳ್ಳಿ.

ಕಾರ್ಯ ಮುಗಿಸಿ ಮೂರನೆಯ ದಿನ ಅದೇ ದಾರಿಯಲ್ಲಿ ನಡೆದು ಬಂದೆ. ಹೊಸೂರಿನಲ್ಲಿ ಕಾರಿನ ಮೇಲೆ ಹೊಂಗೆ ಎಲೆ ಉದುರಿತ್ತು. ತೆರಿಗೆಯ ದುಡ್ಡು ಮುಂದಿನ ವರ್ಷ ಅಪ್ಪನ ಖಾತೆಗೆ ಬಂತು. ಪ್ಲೇಟುಗಳಲ್ಲಿ ಒಂದನ್ನು ಅವರು ಕಾರಿಲ್ಲದ ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ಹಾಕಿದ್ದಾರೆ. ಇನ್ನೊಂದು ನೀರಿನ ಮೀಟರಿನ ಗುಂಡಿಗೆ ಮುಚ್ಚಳ. ಅಳತೆ ಸರಿಹೋಗಿದೆ.